ಹೆಸರು ಹಿಡಿದು ಕರೆದರೆ ಪಕ್ಕದ ಕಂಪ್ಯೂಟರ್ ಓಗೊಡುವುದೇ?

ಸವದತ್ತಿಯಿಂದ ಯಲ್ಲಮ್ಮನ ಗುಡ್ಡಕ್ಕೆ ಹೋದವರಿಗೆಲ್ಲ ಉಗರಗೋಳ ಗೊತ್ತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಈ ಸೀಮೆಯಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಅಷ್ಟು ಫೋನುಗಳು ಒಂದೆಡೆ ಕೂಡಿದಾಗ ನೆಟ್ ತೆವಳುವುದು ಸಹಜ. ಅಂಥ ದಿನ ಗುಡ್ಡದ ಸುತ್ತಿನ ಶಾಲೆಯೊಂದರ ಕಂಪ್ಯೂಟರ್ ಲ್ಯಾಬಿಗೆ ಬೀಗ ಹಾಕಬೇಕೇ? ಬೇಕಿಲ್ಲ. ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವನ್ನು ಇಳಿಸಿಟ್ಟರೆ, ಲ್ಯಾಬಿನ ಉಳಿದ ಕಂಪ್ಯೂಟರುಗಳು ನೆಟ್ ಇಲ್ಲದೆಯೇ ಅದನ್ನು ಓದಬಲ್ಲವು. ಲಿನಕ್ಸ್ ನಮ್ಮ ಸರಕಾರಿ ಪ್ರೌಢಶಾಲೆಗಳಿಗೆ ಹೊಸದೂ ಅಲ್ಲ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ರಾಜ್ಯದ ಎಷ್ಟೋ ಶಿಕ್ಷಕರು ಉಬುಂಟು ಮೇಲೆಯೇ ಕೈ ಪಳಗಿಸಿಕೊಂಡವರು.

ಕಷ್ಟ ಬರುವುದು ಇನ್ನೊಂದು ಕಡೆ. ಆ ಸರ್ವರನ್ನು ಮಕ್ಕಳು ತಲುಪುವುದು ಹೇಗೆ? ಬೋರ್ಡಿನ ಮೇಲೆ 192.168.1.10 ಎಂದು ಬರೆಯುತ್ತೇವೆ. ಮರುದಿನ ಕರೆಂಟು ಹೋಗಿ ಬಂದ ಮೇಲೆ ಅದು 192.168.1.14 ಆಗಿರುತ್ತದೆ. ಸಂಖ್ಯೆಯ ಬದಲು ‘ಗ್ರಂಥಾಲಯ’ ಎಂದೊಂದು ಹೆಸರಿದ್ದರೆ ಈ ತೊಂದರೆ ಇಲ್ಲ. ಆದರೆ ಹೆಸರನ್ನು ವಿಳಾಸವಾಗಿ ಬಿಡಿಸಿಕೊಳ್ಳುವ ವ್ಯವಸ್ಥೆಯ ಬಗ್ಗೆ ಲ್ಯಾಬ್ ನೋಡಿಕೊಳ್ಳುವವರಲ್ಲೂ ರಿಪೇರಿ ಮಾಡುವವರಲ್ಲೂ ತಪ್ಪು ತಿಳಿವಳಿಕೆ ಬಹಳ ಇದೆ. ಅದರಿಂದಾಗಿ ಐದು ನಿಮಿಷದ ಕೆಲಸಕ್ಕೆ ಇಡೀ ದಿನ ಹೋಗುತ್ತದೆ. (ಆಜ್ಞೆಗಳನ್ನೂ ಹೆಸರುಗಳನ್ನೂ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.)

ತಪ್ಪು ಕಲ್ಪನೆ: ನೆಟ್ ಹೋದರೆ ಹೆಸರೂ ಹೋಯಿತು.

ವಾಸ್ತವ: ಕಂಪ್ಯೂಟರುಗಳಿಗೆ ಹೆಸರಿಡುವ ಪದ್ಧತಿ ಇವತ್ತಿನ ಇಂಟರ್ನೆಟ್ಟಿಗಿಂತ ಹಳೆಯದು. 1970ರ ದಶಕದಲ್ಲಿ ಅಮೆರಿಕದ ಆರ್ಪಾನೆಟ್‌ನಲ್ಲಿದ್ದ ಎಲ್ಲ ಯಂತ್ರಗಳ ಹೆಸರು, ವಿಳಾಸಗಳು ಒಂದೇ ಫೈಲಿನಲ್ಲಿದ್ದವು. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ತಿದ್ದಿ ಇಡುತ್ತಿತ್ತು, ಉಳಿದವರು ಪ್ರತಿ ಇಳಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿ ಒಂದು ಫೈಲು ಸಾಲದಾದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು.

ಹಳೆಯ ಫೈಲು ಮಾತ್ರ ಸಾಯಲಿಲ್ಲ. ಲಿನಕ್ಸ್, ಮ್ಯಾಕ್, ಬಿಎಸ್‌ಡಿ, ಯಾವುದೇ ಯುನಿಕ್ಸ್ ಬಗೆಯ ವ್ಯವಸ್ಥೆಯ ಇಟಿಸಿ ಫೋಲ್ಡರಿನೊಳಗೆ ‘ಹೋಸ್ಟ್ಸ್’ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ಇದೆ. ಸಾಲಿನಲ್ಲಿ ಮೊದಲು ವಿಳಾಸ, ಒಂದು ಜಾಗ ಬಿಟ್ಟು ಹೆಸರು. ‘192.168.1.10 ಗ್ರಂಥಾಲಯ’ ಎಂದು ಬರೆದು ಉಳಿಸಿದರೆ ಮುಗಿಯಿತು. ಇಂಟರ್ನೆಟ್ ಬೇಡ, ಬೇರೊಂದು ಸರ್ವರ್ ಬೇಡ, ಮತ್ತೆ ಚಾಲೂ ಮಾಡುವುದೂ ಬೇಡ.

ಇದರ ಕೊರತೆಗಳು ಎರಡು. ಪ್ರತಿ ಕಂಪ್ಯೂಟರಿನಲ್ಲೂ ಆ ಸಾಲನ್ನು ಬೇರೆಬೇರೆಯಾಗಿ ಬರೆಯಬೇಕು. ಸರ್ವರಿನ ವಿಳಾಸ ಬದಲಾದರೆ ಅಷ್ಟೂ ಕಡೆ ಸುಳ್ಳಾಗುತ್ತದೆ. ಆದ್ದರಿಂದ ರೂಟರಿನ ಸೆಟ್ಟಿಂಗ್ಸ್‌ಗೆ ಹೋಗಿ ಸರ್ವರಿಗೆ ಒಂದೇ ವಿಳಾಸವನ್ನು ಕಾಯಂ ಆಗಿ ಮೀಸಲಿಡಿ. ಉಳಿದದ್ದನ್ನೆಲ್ಲ ಆಮೇಲೆ ನೋಡಬಹುದು. ಈ ಒಂದು ಕೆಲಸವನ್ನು ಮುಂದೂಡಬಾರದು.

ತಪ್ಪು ಕಲ್ಪನೆ: ಹೆಸರು ಹುಡುಕುವುದೆಂದರೆ ಡಿಎನ್‌ಎಸ್ ಸರ್ವರನ್ನು ಕೇಳುವುದು, ಅಷ್ಟೇ.

ವಾಸ್ತವ: ನಾನು ಈ ಲೇಖನ ಬರೆಯಲು ಮುಖ್ಯ ಕಾರಣವೇ ಈ ನಂಬಿಕೆ. ಹೆಸರು ಗೊತ್ತಿರುವ ಜಾಗ ಒಂದಲ್ಲ, ಹಲವು. ಯಾರನ್ನು ಮೊದಲು ಕೇಳಬೇಕು, ಅವರು ಇಲ್ಲವೆಂದರೆ ಮುಂದೆ ಯಾರನ್ನು ಕೇಳಬೇಕು ಎಂಬ ಸರದಿ ಅದೇ ಇಟಿಸಿ ಫೋಲ್ಡರಿನ ‘ಎನ್‌ಎಸ್‌ಸ್ವಿಚ್.ಕಾನ್ಫ್’ ಫೈಲಿನಲ್ಲಿದೆ. ಸನ್ ಕಂಪನಿಯ ಸೊಲಾರಿಸ್‌ನಿಂದ ಬಂದ ಈ ಪದ್ಧತಿಯನ್ನು ಲಿನಕ್ಸ್‌ನ ಜಿಲಿಬ್‌ಸಿ ಎಂಬ ತಂತ್ರಾಂಶ ಲೈಬ್ರರಿಯೂ ಕೆಲವು ಬಿಎಸ್‌ಡಿಗಳೂ ಅಳವಡಿಸಿಕೊಂಡವು.

ಆ ಫೈಲನ್ನು ತೆರೆದು ‘ಹೋಸ್ಟ್ಸ್’ ಎಂದು ಶುರುವಾಗುವ ಸಾಲನ್ನು ಓದಿ. ಉಬುಂಟು ಡೆಸ್ಕ್‌ಟಾಪಿನಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ‘ಫೈಲ್ಸ್’, ಆಮೇಲೆ ‘ಎಂಡಿಎನ್‌ಎಸ್4 ಮಿನಿಮಲ್’, ಅದರ ಪಕ್ಕ ಚೌಕ ಕಂಸದಲ್ಲಿ ‘ನಾಟ್‌ಫೌಂಡ್=ರಿಟರ್ನ್’, ಕೊನೆಗೆ ‘ಡಿಎನ್‌ಎಸ್’. ಅರ್ಥ ಇಷ್ಟು: ಮೊದಲು ಹೋಸ್ಟ್ಸ್ ಫೈಲು ನೋಡು. ಅಲ್ಲಿ ಇಲ್ಲದಿದ್ದರೆ, ಹೆಸರು ‘.ಲೋಕಲ್’ ಎಂದು ಮುಗಿಯುವುದಾದರೆ ಅಕ್ಕಪಕ್ಕದ ಯಂತ್ರಗಳನ್ನು ಕೇಳು. ಅವೂ ಇಲ್ಲವೆಂದರೆ ಅಲ್ಲಿಗೇ ನಿಲ್ಲು. ಬೇರೆ ಹೆಸರಾದರೆ ಡಿಎನ್‌ಎಸ್‌ಗೆ ಹೋಗು. ಕಂಸದೊಳಗಿನ ಆ ಒಂದು ಮಾತನ್ನು ಗಮನಿಸದೆ, ಡಿಎನ್‌ಎಸ್‌ನಲ್ಲಿ ಹೆಸರಿದ್ದರೂ ಯಾಕೆ ಸಿಗುತ್ತಿಲ್ಲ ಎಂದು ಪರದಾಡುವವರು ಬಹಳ.

ಈ ಸಾಲು ಎಲ್ಲ ಕಡೆ ಒಂದೇ ತರ ಇರುವುದಿಲ್ಲ. ‘ರಿಸಾಲ್ವ್’, ‘ಮೈಹೋಸ್ಟ್‌ನೇಮ್’ ಎಂಬ ಪದಗಳೂ ಕಾಣಬಹುದು. ಆಲ್ಪೈನ್ ಲಿನಕ್ಸಿನಲ್ಲಿ ಈ ಫೈಲಿಗೆ ಬೆಲೆಯೇ ಇಲ್ಲ. ಅದರಲ್ಲಿರುವ ಮಸಲ್ ಲೈಬ್ರರಿ ಹೋಸ್ಟ್ಸ್ ಫೈಲನ್ನು ನೋಡಿ ನೇರ ಡಿಎನ್‌ಎಸ್‌ಗೆ ಹೋಗುತ್ತದೆ.

ತಪ್ಪು ಕಲ್ಪನೆ: ಡಿಗ್ ಅಥವಾ ಎನ್‌ಎಸ್‌ಲುಕಪ್ ಏನು ಹೇಳುತ್ತದೋ ಅದೇ ಕೊನೆಯ ಮಾತು.

ವಾಸ್ತವ: ಈ ಎರಡೂ ಉಪಕರಣಗಳು ಡಿಎನ್‌ಎಸ್ ಸರ್ವರನ್ನು ನೇರ ಕೇಳುತ್ತವೆ. ಮೇಲೆ ಹೇಳಿದ ಸರದಿ ಅವಕ್ಕೆ ಲೆಕ್ಕಕ್ಕಿಲ್ಲ, ಹೋಸ್ಟ್ಸ್ ಫೈಲನ್ನು ಅವು ತಾವಾಗಿ ತೆರೆಯುವುದೂ ಇಲ್ಲ. ಹಾಗಾಗಿ ಬ್ರೌಸರಿನಲ್ಲಿ ‘ಗ್ರಂಥಾಲಯ’ ತೆರೆದುಕೊಂಡಾಗಲೂ ಡಿಗ್ ‘ಅಂಥ ಹೆಸರಿಲ್ಲ’ ಎನ್ನಬಹುದು. ಉಬುಂಟುವಿನಲ್ಲಿ ಗೊಂದಲ ಇನ್ನೊಂದು ಸುತ್ತು ಹೆಚ್ಚು. ಅಲ್ಲಿ ಡಿಗ್ ಕೇಳುವ ಸರ್ವರು ಆ ಕಂಪ್ಯೂಟರಿನೊಳಗೇ ಕುಳಿತ ‘ಸಿಸ್ಟಂಡಿ-ರಿಸಾಲ್ವ್‌ಡಿ’, ಅದು ಹೋಸ್ಟ್ಸ್ ಫೈಲನ್ನು ಓದಿಕೊಂಡು ಉತ್ತರ ಕೊಡುತ್ತದೆ. ನೋಡುವವರಿಗೆ ಡಿಗ್‌ಗೇ ಗೊತ್ತಿದೆ ಎಂಬ ಭ್ರಮೆ ಬರುತ್ತದೆ.

ಸಾಮಾನ್ಯ ಪ್ರೋಗ್ರಾಮುಗಳು ಹಿಡಿಯುವ ದಾರಿಯಲ್ಲೇ ಪರೀಕ್ಷಿಸಬೇಕಿದ್ದರೆ ‘ಗೆಟೆಂಟ್ ಹೋಸ್ಟ್ಸ್ ಗ್ರಂಥಾಲಯ’ ಎಂದು ಹೊಡೆಯಿರಿ. ಗೆಟೆಂಟ್ ಉತ್ತರ ಕೊಟ್ಟು ಡಿಗ್ ಕೊಡದಿದ್ದರೆ ಹೆಸರು ಡಿಎನ್‌ಎಸ್‌ನಲ್ಲಿಲ್ಲ, ಬೇರೆಡೆಯಿಂದ ಬರುತ್ತಿದೆ ಎಂದು ತಿಳಿಯಬಹುದು. ಎರಡೂ ಆಜ್ಞೆಗಳ ಉತ್ತರವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ದೋಷ ಎಲ್ಲಿದೆ ಎಂಬುದು ಬೇಗ ಸಿಗುತ್ತದೆ. ಮ್ಯಾಕ್‌ನಲ್ಲಿ ಗೆಟೆಂಟ್ ಇಲ್ಲ. ಅಲ್ಲಿ ‘ಡಿಎಸ್‌ಕ್ಯಾಶ್‌ಯುಟಿಲ್’ ಬಳಸಬೇಕು.

ತಪ್ಪು ಕಲ್ಪನೆ: ಡಿಎನ್‌ಎಸ್ ಸರ್ವರುಗಳ ವಿಳಾಸವಿರುವ ರಿಸಾಲ್ವ್.ಕಾನ್ಫ್ ಫೈಲಿಗೆ ಎರಡನೆಯ ಸರ್ವರ್ ಸೇರಿಸಿದರೆ, ಮೊದಲನೆಯದಕ್ಕೆ ಗೊತ್ತಿಲ್ಲದ್ದನ್ನು ಎರಡನೆಯದು ಹೇಳುತ್ತದೆ.

ವಾಸ್ತವ: ಇಷ್ಟು ಜನ ನಂಬಿರುವ, ಇಷ್ಟು ತಪ್ಪಾದ ಮಾತು ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ. ರೂಟರಿನ ವಿಳಾಸ ಒಂದು, ಗೂಗಲಿನ 8.8.8.8 ಇನ್ನೊಂದು, ಹೀಗೆ ಎರಡನ್ನೂ ಬರೆದು ‘ಊರ ಹೆಸರಿಗೆ ರೂಟರು, ಹೊರಗಿನದಕ್ಕೆ ಗೂಗಲ್’ ಎಂದು ನಿಶ್ಚಿಂತರಾಗುತ್ತಾರೆ. ಜಿಲಿಬ್‌ಸಿ ನಡೆದುಕೊಳ್ಳುವುದು ಹಾಗಲ್ಲ. ಮೊದಲ ಸರ್ವರ್ ‘ಆ ಹೆಸರಿಲ್ಲ’ ಎಂದರೆ ಅದೇ ತೀರ್ಪು, ಮುಂದೆ ಕೇಳುವುದಿಲ್ಲ. ಎರಡನೆಯದರ ಸರದಿ ಬರುವುದು ಮೊದಲನೆಯದು ಉತ್ತರವನ್ನೇ ಕೊಡದಿದ್ದಾಗ ಅಥವಾ ತನ್ನಿಂದಾಗದು ಎಂದಾಗ. ಕಾಯುವ ಅವಧಿಯೂ ಮೊದಲೇ ಹಾಕಿದಂತೆ 5 ಸೆಕೆಂಡು. ಸತ್ತ ಸರ್ವರಿನ ವಿಳಾಸ ಮೊದಲ ಸಾಲಿನಲ್ಲಿದ್ದರೆ ಪ್ರತಿ ಪುಟವೂ ತಡವರಿಸುವುದಕ್ಕೆ ಇದೇ ಕಾರಣ. ಮೂರಕ್ಕಿಂತ ಹೆಚ್ಚು ಸರ್ವರುಗಳನ್ನು ಬರೆದರೂ ಅದು ಮೂರನ್ನೇ ನೋಡುತ್ತದೆ.

8.8.8.8 ಮೊದಲ ಸಾಲಿನಲ್ಲಿದ್ದರೆ ಏನಾಗುತ್ತದೆ ಎಂಬುದು ಈಗ ಹೇಳದೆಯೇ ತಿಳಿಯುತ್ತದೆ. ನಿಮ್ಮ ಲ್ಯಾಬಿನ ಸರ್ವರಿನ ಹೆಸರು ಗೂಗಲಿಗೆ ಗೊತ್ತಿರಲು ಸಾಧ್ಯವಿಲ್ಲ. ಅದು ‘ಇಲ್ಲ’ ಎನ್ನುತ್ತದೆ, ರೂಟರನ್ನು ಯಾರೂ ಕೇಳುವುದೇ ಇಲ್ಲ. ಸರಿಯಾದ ದಾರಿಯೆಂದರೆ ಕಂಪ್ಯೂಟರುಗಳು ರೂಟರನ್ನೊಂದನ್ನೇ ಕೇಳುವುದು, ಹೊರಗಿನ ಹೆಸರುಗಳನ್ನು ರೂಟರೇ ಮುಂದಕ್ಕೆ ಕೇಳಿ ತರುವುದು. ಸೈಮನ್ ಕೆಲ್ಲಿ ಬರೆದ ‘ಡಿಎನ್‌ಎಸ್‌ಮಾಸ್ಕ್’ ಎಂಬ ಪುಟ್ಟ ಪ್ರೋಗ್ರಾಮು ಇದಕ್ಕಾಗಿಯೇ ಇದೆ. ಎಷ್ಟೋ ರೂಟರುಗಳ ಒಳಗೆ ಅದು ಆಗಲೇ ಓಡುತ್ತಿರುತ್ತದೆ. ವಿಳಾಸ ಕೇಳಲು ಬರುವ ಯಂತ್ರ ತನ್ನ ಹೆಸರನ್ನೂ ಹೇಳಿಕೊಂಡರೆ ಅದನ್ನು ಬರೆದಿಟ್ಟುಕೊಂಡು ಉಳಿದವರಿಗೆ ತಿಳಿಸುತ್ತದೆ.

ಇನ್ನೊಂದು ಮಾತು. ಈಗಿನ ಉಬುಂಟುವಿನಲ್ಲಿ, 2020ರ ಫೆಡೋರಾ 33ರಿಂದೀಚೆಗೆ ಫೆಡೋರಾದಲ್ಲೂ, ರಿಸಾಲ್ವ್.ಕಾನ್ಫ್‌ನಲ್ಲಿ ಕಾಣುವುದು 127.0.0.53 ಮಾತ್ರ. ಅದು ರಿಸಾಲ್ವ್‌ಡಿಯ ವಿಳಾಸ. ಆ ಫೈಲನ್ನು ಕೈಯಾರೆ ತಿದ್ದಿದರೆ ತಿದ್ದಿದ್ದು ಉಳಿಯುವ ಭರವಸೆ ಇಲ್ಲ. ನಿಜವಾಗಿ ಯಾವ ಸರ್ವರನ್ನು ಕೇಳಲಾಗುತ್ತಿದೆ ಎಂಬುದನ್ನು ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ತೋರಿಸುತ್ತದೆ. ಈ ರಿಸಾಲ್ವ್‌ಡಿಗೆ ಒಂದು ನಿಯಮವೂ ಉಂಟು: ಚುಕ್ಕೆಯೇ ಇಲ್ಲದ ಒಂಟಿ ಹೆಸರನ್ನು ಅದು ತಾನಾಗಿ ಡಿಎನ್‌ಎಸ್ ಸರ್ವರಿಗೆ ಕಳಿಸುವುದಿಲ್ಲ. ರೂಟರಿಗೆ ಹೆಸರು ಗೊತ್ತಿದ್ದೂ ‘ಗ್ರಂಥಾಲಯ’ ಸಿಗದೆ ‘ಗ್ರಂಥಾಲಯ.ಲ್ಯಾನ್’ ಸಿಕ್ಕರೆ ಕಾರಣ ಇದೇ. ಹುಡುಕುವ ಡೊಮೇನ್ ಆಗಿ ‘ಲ್ಯಾನ್’ ಅನ್ನು ರೂಟರೇ ತಿಳಿಸುವಂತೆ ಮಾಡಿದರೆ ಒಂಟಿ ಹೆಸರೂ ನಡೆಯುತ್ತದೆ.

ತಪ್ಪು ಕಲ್ಪನೆ: ‘.ಲೋಕಲ್’ ಬರೀ ಒಂದು ಬಾಲ. ಇಷ್ಟ ಬಂದ ಹಾಗೆ ಅಂಟಿಸಬಹುದು.

ವಾಸ್ತವ: ಆ ಬಾಲಕ್ಕೆ ನಿಶ್ಚಿತ ಅರ್ಥವಿದೆ. 2013ರಲ್ಲಿ ಆಪಲ್‌ನ ಸ್ಟುವರ್ಟ್ ಚೆಷೈರ್ ಮತ್ತು ಮಾರ್ಕ್ ಕ್ರೋಕ್ಮಲ್ ಬರೆದ ಆರ್‌ಎಫ್‌ಸಿ 6762 ಎಂಬ ಇಂಟರ್ನೆಟ್ ನಿಯಮಾವಳಿ ಅದನ್ನು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ (ಎಂಡಿಎನ್‌ಎಸ್) ಮೀಸಲಿಟ್ಟಿದೆ. ಆಪಲ್ ಇದನ್ನು 2002ರಲ್ಲೇ ಮ್ಯಾಕ್‌ಗೆ ತಂದಿತ್ತು. ಈಗ ಅದರ ಹೆಸರು ಬಾಂಜೂರ್. ಲಿನಕ್ಸಿನಲ್ಲಿ ಅದೇ ಕೆಲಸವನ್ನು ಅವಾಹಿ ಎಂಬ ಪ್ರೋಗ್ರಾಮು ಮಾಡುತ್ತದೆ.

ಜಾತ್ರೆಯಲ್ಲಿ ತಪ್ಪಿಸಿಕೊಂಡವರ ಹೆಸರನ್ನು ಮೈಕಿನಲ್ಲಿ ಕೂಗುವುದನ್ನು ಕೇಳಿದ್ದೀರಿ. ಕೂಗು ಎಲ್ಲರ ಕಿವಿಗೂ ಬೀಳುತ್ತದೆ, ಆ ಹೆಸರಿನವರು ಮಾತ್ರ ಬರುತ್ತಾರೆ. ಮಲ್ಟಿಕಾಸ್ಟ್ ಡಿಎನ್‌ಎಸ್ ಕೂಡ ಹಾಗೆಯೇ. ‘ಗ್ರಂಥಾಲಯ.ಲೋಕಲ್ ಯಾರು?’ ಎಂಬ ಪ್ರಶ್ನೆ 224.0.0.251 ಎಂಬ ಗುಂಪು ವಿಳಾಸಕ್ಕೆ, 5353ನೆಯ ಪೋರ್ಟಿಗೆ ಹೋಗುತ್ತದೆ. ಆ ಹೆಸರಿನ ಯಂತ್ರ ‘ನಾನು, ನನ್ನ ವಿಳಾಸ ಇದು’ ಎನ್ನುತ್ತದೆ. ನಡುವೆ ಯಾವ ಸರ್ವರೂ ಇಲ್ಲ, ಯಾರೂ ಪಟ್ಟಿ ಬರೆದಿಡಬೇಕಿಲ್ಲ. ಆ ಉತ್ತರಕ್ಕೆ ಸಾಮಾನ್ಯವಾಗಿ 120 ಸೆಕೆಂಡು ಆಯುಷ್ಯ. ವಿಳಾಸ ಬದಲಾದರೂ ಬೇಗ ಸರಿಹೋಗುತ್ತದೆ. ಮೈಕಿಗೆ ಇರುವ ಮಿತಿಯೂ ಇದಕ್ಕಿದೆ. ಕೂಗು ರೂಟರನ್ನು ದಾಟಿ ಇನ್ನೊಂದು ನೆಟ್‌ವರ್ಕಿಗೆ ಕೇಳಿಸುವುದಿಲ್ಲ.

ಎರಡು ಎಡವಟ್ಟುಗಳು ಇಲ್ಲಿ ಪದೇ ಪದೇ ಆಗುತ್ತವೆ. ಕೆಲವು ಕಚೇರಿಗಳಲ್ಲಿ ಹಿಂದೆ ವಿಂಡೋಸ್ ಸರ್ವರ್ ಹಾಕಿದವರು ಸಾಮಾನ್ಯ ಡಿಎನ್‌ಎಸ್‌ನಲ್ಲೇ ‘.ಲೋಕಲ್’ ಡೊಮೇನ್ ಕಟ್ಟಿಬಿಟ್ಟಿದ್ದಾರೆ. ಅಲ್ಲಿಗೆ ಲಿನಕ್ಸ್ ಕಂಪ್ಯೂಟರ್ ಹೋದರೆ ಅದು ಸರ್ವರನ್ನು ಕೇಳುವ ಬದಲು ಅಕ್ಕಪಕ್ಕದವರನ್ನು ಕೂಗಲು ಹೊರಡಬಹುದು. ಇನ್ನು ‘ಲ್ಯಾಬ್.ಶಾಲೆ.ಲೋಕಲ್’ ಎಂದು ಎರಡು ಚುಕ್ಕೆ ಇಟ್ಟರೆ ಲಿನಕ್ಸಿನ ಎಂಡಿಎನ್‌ಎಸ್ ಜೋಡಣೆ ಮೊದಲೇ ಹಾಕಿದ ನಿಯಮದಂತೆ ಅದನ್ನು ಒಪ್ಪುವುದಿಲ್ಲ, ‘ಲ್ಯಾಬ್-ಶಾಲೆ.ಲೋಕಲ್’ ಆದರೆ ಒಪ್ಪುತ್ತದೆ.

ಮನೆ, ಶಾಲೆಗಳ ಸಾಮಾನ್ಯ ಡಿಎನ್‌ಎಸ್‌ಗೆ ಬಾಲ ಬೇಕೆಂದರೆ 2018ರ ಆರ್‌ಎಫ್‌ಸಿ 8375 ಕೊಟ್ಟ ‘ಹೋಮ್.ಆರ್ಪಾ’ ಇದೆ. 2024ರಲ್ಲಿ ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಖಾಸಗಿ ಬಳಕೆಗೆಂದೇ ‘.ಇಂಟರ್ನಲ್’ ಅನ್ನು ಮೀಸಲಿಟ್ಟಿದೆ. ಸ್ವಂತ ಕಲ್ಪನೆಯ ಬಾಲ ಅಂಟಿಸುವುದು ಅಪಾಯ. ‘.ಸ್ಕೂಲ್’ ಎಂಬುದು ಇಂಟರ್ನೆಟ್ಟಿನಲ್ಲಿ ಮಾರಾಟಕ್ಕಿರುವ ನಿಜವಾದ ಡೊಮೇನ್. ‘.ಡೆವ್’ ಎಂದು ತಮ್ಮ ಯಂತ್ರಗಳಿಗೆ ಹೆಸರಿಟ್ಟುಕೊಂಡಿದ್ದವರು, 2017ರ ಕೊನೆಗೆ ಕ್ರೋಮ್ ಬ್ರೌಸರ್ ಆ ಬಾಲವಿದ್ದ ಎಲ್ಲ ವಿಳಾಸಕ್ಕೂ ಸುರಕ್ಷಿತ ಸಂಪರ್ಕವನ್ನು ಕಡ್ಡಾಯ ಮಾಡಿದಾಗ ಒಮ್ಮೆಲೇ ಸಿಕ್ಕಿಬಿದ್ದರು.

ತಪ್ಪು ಕಲ್ಪನೆ: ಕಂಪ್ಯೂಟರಿಗೆ ಹೆಸರಿಟ್ಟ ಮೇಲೆ ಅದು ಎಲ್ಲರಿಗೂ ತಾನಾಗಿ ಗೊತ್ತಾಗುತ್ತದೆ.

ವಾಸ್ತವ: ‘ಹೋಸ್ಟ್‌ನೇಮ್‌ಸಿಟಿಎಲ್’ ಬಳಸಿ ಹೆಸರು ಬದಲಿಸಿದರೆ ಆ ಕಂಪ್ಯೂಟರಿಗೆ ತನ್ನ ಹೆಸರು ಗೊತ್ತಾಯಿತು, ಅಷ್ಟೇ. ಅದನ್ನು ಹೊರಗೆ ಹೇಳಲು ಅವಾಹಿ ಓಡುತ್ತಿರಬೇಕು, ಇಲ್ಲವೇ ರೂಟರು ಬರೆದುಕೊಂಡಿರಬೇಕು. ಡೆಬಿಯನ್, ಉಬುಂಟುಗಳಲ್ಲಿ ಹೋಸ್ಟ್ಸ್ ಫೈಲಿನ 127.0.1.1 ಸಾಲಿನ ಹಳೆಯ ಹೆಸರನ್ನೂ ಬದಲಿಸಬೇಕು. ಬಿಟ್ಟರೆ ಸುಡೋ ಆಜ್ಞೆ ‘ಹೆಸರು ಬಿಡಿಸಲಾಗಲಿಲ್ಲ’ ಎಂದು ದೂರತೊಡಗುತ್ತದೆ.

ಶಾಲೆಗಳಲ್ಲಿ ಇದು ಇನ್ನೊಂದು ರೂಪದಲ್ಲಿ ಕಾಡುತ್ತದೆ. ಒಂದು ಕಂಪ್ಯೂಟರನ್ನು ಸಿದ್ಧಮಾಡಿ, ಅದರ ನಕಲನ್ನೇ ಉಳಿದವಕ್ಕೆಲ್ಲ ಹಾಕುವುದು ರೂಢಿ. ಆಗ ಎಲ್ಲದಕ್ಕೂ ಹೆಸರು ‘ಉಬುಂಟು’. ಒಂದೇ ಹೆಸರಿನವರು ಇಬ್ಬರು ಬಂದರೆ ಅವಾಹಿ ಜಗಳ ತಪ್ಪಿಸಲು ಎರಡನೆಯದನ್ನು ‘ಉಬುಂಟು-2’ ಮಾಡುತ್ತದೆ, ಮೂರನೆಯದನ್ನು ‘ಉಬುಂಟು-3’. ಯಾವುದು ಎಷ್ಟನೆಯದು ಎಂಬುದು ಆ ದಿನ ಯಾವುದನ್ನು ಮೊದಲು ಚಾಲೂ ಮಾಡಿದಿರಿ ಎಂಬುದರ ಮೇಲೆ ನಿಂತಿದೆ. ನಿನ್ನೆ ಮೂಲೆಯಲ್ಲಿದ್ದ ‘ಉಬುಂಟು-4’ ಇವತ್ತು ಬಾಗಿಲ ಹತ್ತಿರ ಇರುತ್ತದೆ, ಒಬ್ಬ ವಿದ್ಯಾರ್ಥಿನಿಯ ಫೈಲು ಇನ್ನೊಬ್ಬಳ ಕಂಪ್ಯೂಟರಿಗೆ ಹೋಗುತ್ತದೆ. ನಕಲು ಹಾಕಿದ ದಿನವೇ ಪ್ರತಿಯೊಂದಕ್ಕೂ ಬೇರೆ ಹೆಸರು ಕೊಡಿ. ನಮ್ಮ ಹೊಳೆಗಳೇ ಸಾಕಷ್ಟಿವೆ: ಮಲಪ್ರಭಾ, ಘಟಪ್ರಭಾ, ಮಾರ್ಕಂಡೇಯ, ದೂಧಗಂಗಾ. ಹೆಸರಿನಲ್ಲಿ ಅಕ್ಷರ, ಅಂಕಿ, ಅಡ್ಡಗೆರೆ ಮಾತ್ರ ಇರಲಿ. ಕೆಳಗೆರೆ ಬೇಡ, ನಿಯಮಕ್ಕೆ ಹೊಂದುವುದಿಲ್ಲ.

ತಪ್ಪು ಕಲ್ಪನೆ: ಕಂಪ್ಯೂಟರಿನಲ್ಲಿ ತೆರೆಯುವ ಹೆಸರು ಫೋನಿನಲ್ಲಿ ತೆರೆಯದಿದ್ದರೆ ಸರ್ವರಿನದ್ದೇ ತಪ್ಪು.

ವಾಸ್ತವ: ಹಳೆಯ ಆಂಡ್ರಾಯ್ಡ್ ಫೋನುಗಳ ಬ್ರೌಸರಿಗೆ ‘.ಲೋಕಲ್’ ಹೆಸರು ಬಿಡಿಸಲು ಬರುವುದಿಲ್ಲ. ಹೊಸ ಫೋನಿನಲ್ಲೂ ‘ಪ್ರೈವೇಟ್ ಡಿಎನ್‌ಎಸ್’ ಖಾನೆಯಲ್ಲಿ ಹೊರಗಿನ ಸರ್ವರೊಂದನ್ನು ಬರೆದಿದ್ದರೆ ಅದು ರೂಟರನ್ನು ಕೇಳುವುದೇ ಇಲ್ಲ. ವೈಫೈ ರೂಟರಿನಲ್ಲಿ ಅತಿಥಿ ನೆಟ್‌ವರ್ಕ್ ಅಥವಾ ‘ಎಪಿ ಐಸೊಲೇಷನ್’ ಚಾಲೂ ಇದ್ದರೆ ಫೋನುಗಳಿಗೆ ಪಕ್ಕದ ಯಂತ್ರಗಳು ಕಾಣುವುದಿಲ್ಲ. ಆಗ ಹೆಸರಲ್ಲ, ವಿಳಾಸ ಹೊಡೆದರೂ ಪ್ರಯೋಜನವಿಲ್ಲ. ಹಾಗಾಗಿ ಮೊದಲು ವಿಳಾಸ ಹೊಡೆದು ನೋಡಿ. ಅದು ತೆರೆದರೆ ಮಾತ್ರ ಹೆಸರಿನ ತನಿಖೆ. ಫೋನುಗಳೇ ಹೆಚ್ಚಿರುವ ಕಡೆ ನನ್ನ ಆಯ್ಕೆ ರೂಟರಿನ ಡಿಎನ್‌ಎಸ್‌ಮಾಸ್ಕ್, ‘.ಲೋಕಲ್’ ಅಲ್ಲ.

ತಪ್ಪು ಕಲ್ಪನೆ: ಹೆಸರು ಸರಿಯಿದ್ದರೆ ಯಂತ್ರವೂ ಸರಿಯಾದದ್ದೇ.

ವಾಸ್ತವ: ಮಲ್ಟಿಕಾಸ್ಟ್ ಡಿಎನ್‌ಎಸ್‌ನಲ್ಲಿ ಗುರುತಿನ ಪರಿಶೀಲನೆ ಇಲ್ಲ. ಅದೇ ವೈಫೈಯಲ್ಲಿರುವ ಯಾರಾದರೂ ‘ಗ್ರಂಥಾಲಯ ನಾನೇ’ ಎನ್ನಬಹುದು. ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ‘ಈ ಸರ್ವರಿನ ಕೀಲಿ ಬದಲಾಗಿದೆ’ ಎಂದು ಎಚ್ಚರಿಸಿದರೆ ಕಾರಣ ತಿಳಿಯದೆ ಮುಂದುವರಿಯಬೇಡಿ.

ತಪ್ಪು ಕಲ್ಪನೆ: ಇದರಲ್ಲೆಲ್ಲ ಕನ್ನಡ ನಡೆಯುವುದಿಲ್ಲ.

ವಾಸ್ತವ: ಹೋಸ್ಟ್‌ನೇಮ್ ಫೈಲಿನಲ್ಲಿ ನಡೆಯುವುದಿಲ್ಲ, ನಿಜ. ಇಂಟರ್ನೆಟ್ಟಿನ ಸಾಮಾನ್ಯ ಡಿಎನ್‌ಎಸ್‌ನಲ್ಲಿ ಕನ್ನಡ ಲಿಪಿಯ ‘.ಭಾರತ’ ಡೊಮೇನ್ ಇದ್ದರೂ ಒಳಗೆ ಅದು ‘ಎಕ್ಸ್‌ಎನ್’ ಎಂದು ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸರಮಾಲೆಯಾಗಿ ಓಡಾಡುತ್ತದೆ. ಆದರೆ ಮಲ್ಟಿಕಾಸ್ಟ್ ಡಿಎನ್‌ಎಸ್ ಜೊತೆಗೆ ಬಂದ ಸೇವಾ ಪಟ್ಟಿಯ ಪದ್ಧತಿ, ಅಂದರೆ ಆರ್‌ಎಫ್‌ಸಿ 6763, ಯುನಿಕೋಡ್ ಹೆಸರನ್ನು ಇದ್ದ ಹಾಗೆಯೇ ಒಪ್ಪುತ್ತದೆ. ಪ್ರಿಂಟರ್ ಆರಿಸುವ ಕಿಟಕಿಯಲ್ಲಿ, ಹತ್ತಿರದ ಸೇವೆಗಳನ್ನು ತೋರಿಸುವ ಪಟ್ಟಿಯಲ್ಲಿ ಕಾಣುವುದು ಈ ಹೆಸರುಗಳೇ.

ಮಿತಿ ಇರುವುದು ಉದ್ದಕ್ಕೆ: 63 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೆ, ಪ್ರತಿ ಗುಣಿತ ಚಿಹ್ನೆಗೆ, ಒತ್ತು ಮೂಡಿಸುವ ವಿರಾಮಕ್ಕೆ ತಲಾ 3 ಬೈಟ್ ಬೇಕು. ಅಂದರೆ ಒಟ್ಟು 21 ಚಿಹ್ನೆ. ‘ಉಗರಗೋಳ ಶಾಲೆ ಪ್ರಿಂಟರ್’ ಎಂದರೆ 18 ಚಿಹ್ನೆ, ಎರಡು ಖಾಲಿ ಜಾಗ, ಒಟ್ಟು 56 ಬೈಟ್, ಹಿಡಿಯುತ್ತದೆ. ಶಾಲೆಯ ಬದಲು ‘ಪ್ರೌಢಶಾಲೆ’ ಎಂದರೆ 71 ಆಗಿ ಹೊರಗುಳಿಯುತ್ತದೆ. ಲಿನಕ್ಸಿನ ಮುದ್ರಣ ವ್ಯವಸ್ಥೆಯಾದ ಕಪ್ಸ್ ಮೂಲಕ ಪ್ರಿಂಟರ್ ಹಂಚಿದರೆ ವಿವರಣೆಯ ಹಿಂದೆ ಕಂಪ್ಯೂಟರಿನ ಹೆಸರೂ ಅಂಟಿಕೊಳ್ಳುವುದರಿಂದ ಇನ್ನೂ ಚಿಕ್ಕದು ಬೇಕು. ಸರ್ವರಿನ ವಿಕಿಪೀಡಿಯಕ್ಕೆ ಹೆಸರಿಡಲು ಅವಾಹಿಯ ‘ಸರ್ವಿಸಸ್’ ಫೋಲ್ಡರಿನಲ್ಲಿ ಒಂದು ಪುಟ್ಟ ಫೈಲು ಬರೆದರೆ ಸಾಕು; ಅದರ ಹೆಸರಿನ ಖಾನೆಯಲ್ಲಿ ‘ಕನ್ನಡ ವಿಕಿಪೀಡಿಯ’ ಎಂದೇ ಇರಲಿ.

ನಿಮ್ಮ ಲ್ಯಾಬಿನ ಪ್ರಿಂಟರ್ ಇನ್ನೂ ಕಂಪನಿ ಕೊಟ್ಟ ಮಾದರಿ ಸಂಖ್ಯೆಯಲ್ಲೇ ಕಾಣುತ್ತಿದ್ದರೆ ಈ ವಾರವೇ ಅದರ ಸೆಟ್ಟಿಂಗ್ಸ್ ತೆರೆದು ಕನ್ನಡದ ಹೆಸರು ಬರೆಯಿರಿ. ಯಾವುದಾದರೂ ಯಂತ್ರ ಅದನ್ನು ತೋರಿಸದಿದ್ದರೆ ತಯಾರಿಸಿದವರಿಗೆ ದೂರು ಬರೆಯಿರಿ. ನಿಯಮ ನಮ್ಮ ಪರವಾಗಿದೆ.